ಎರಡು ಬಾವುಟಗಳ ದಿವಾನರು: ಸರ್ ಮಿರ್ಜಾ ಇಸ್ಮಾಯಿಲ್

ನಜರ್‌ಬಾದ್ ಕಡೆ ಮಿರ್ಜಾ ರಸ್ತೆ ಇದೆ, ಪೇಟೆಯ ಮಧ್ಯೆ ಇರ್ವಿನ್ ರಸ್ತೆ ಇದೆ. ಮೈಸೂರಿನವರೆಲ್ಲ ಈ ಎರಡು ಹೆಸರನ್ನು ಆಟೋದವರಿಗೆ ಹೇಳಿದವರೇ. ಒಬ್ಬರು ಮೈಸೂರು ಸಂಸ್ಥಾನದ ದಿವಾನರು, ಇನ್ನೊಬ್ಬರು ಬ್ರಿಟಿಷ್ ಇಂಡಿಯಾದ ವೈಸ್‌ರಾಯ್. ಇವರಿಬ್ಬರ ಕಾಲದಲ್ಲಿ, 1927ರಲ್ಲಿ, ಮೈಸೂರಿಗೂ ದೆಹಲಿಗೂ ನಡುವೆ ಒಂದು ದೊಡ್ಡ ಲೆಕ್ಕ ಬದಲಾಯಿತು. ನಾನು ಕಾಮರ್ಸ್ ವಿದ್ಯಾರ್ಥಿ. ರಾಜ್ಯಶಾಸ್ತ್ರದ ಪುಸ್ತಕದಲ್ಲಿ ಒಕ್ಕೂಟ ವ್ಯವಸ್ಥೆಯ ಪಾಠವನ್ನು ಎಷ್ಟು ಸಲ ಓದಿದರೂ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಈ ಲೆಕ್ಕ ಗೊತ್ತಾದ ಮೇಲೆ ಪಾಠ ತಾನಾಗಿ ಅರ್ಥವಾಯಿತು. ಅದಕ್ಕೇ ಈ ಸಂಚಿಕೆಗೆ ಸರ್ ಮಿರ್ಜಾ ಇಸ್ಮಾಯಿಲ್ ಅವರ ಬಗ್ಗೆ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಅವರನ್ನು ಮಿರ್ಜಾ ಸಾಹೇಬರು ಎಂದೇ ಕರೆಯುತ್ತಾರೆ. ನನ್ನ ದಾದಿಗೆ ಬೃಂದಾವನ ಉದ್ಯಾನ ಎಂದರೆ ಮಿರ್ಜಾ ಸಾಹೇಬರ ಬಾಗ್. ಕನ್ನಂಬಾಡಿ ಕಟ್ಟೆಯ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕಾರಂಜಿಗಳ ತೋಟ ಮಾಡಿಸಿದವರು ಅವರೇ. ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದದ ಕಾರ್ಖಾನೆ, ಬೆಂಗಳೂರಿನ ವಿಮಾನ ಕಾರ್ಖಾನೆ, ಇವೆಲ್ಲ ಅವರ ದಿವಾನಗಿರಿಯ ಕಾಲದಲ್ಲಿ ಆರಂಭವಾದವು. ಅವರ ಮೇಲೆ ಬರೆಯುವವರೆಲ್ಲ ತೋಟ ಮತ್ತು ಕಾರ್ಖಾನೆಗಳ ಬಗ್ಗೆಯೇ ಬರೆಯುತ್ತಾರೆ. ನಾನು ಅದನ್ನು ಇಷ್ಟಕ್ಕೇ ಬಿಡುತ್ತೇನೆ. ನನಗೆ ಬೇಕಾದದ್ದು ಅವರ ಇನ್ನೊಂದು ಕೆಲಸ. ಒಂದು ಸಂಸ್ಥಾನ ದೊಡ್ಡ ದೇಶದೊಳಗೆ ಯಾವ ಷರತ್ತಿನ ಮೇಲೆ ಸೇರಬೇಕು ಎಂದು ಅವರು ಲಂಡನ್ನಿನವರೆಗೆ ಹೋಗಿ ವಾದ ಮಾಡಿದ್ದು.

ಮಿರ್ಜಾ ಅವರು ಹುಟ್ಟಿದ್ದು 1883ರ ಅಕ್ಟೋಬರ್ 24ರಂದು, ಬೆಂಗಳೂರಿನಲ್ಲಿ. ಅವರ ತಾತ ಆಗಾ ಅಲಿ ಅಸ್ಕರ್ ಪರ್ಷಿಯಾದ ಶಿರಾಜ್ ಪಟ್ಟಣದಿಂದ ಕುದುರೆ ವ್ಯಾಪಾರಕ್ಕೆ ಬಂದು ಇಲ್ಲೇ ನೆಲೆಸಿದವರು. ಬೆಂಗಳೂರಿನಲ್ಲಿ ಇಂದಿಗೂ ಅಲಿ ಅಸ್ಕರ್ ರಸ್ತೆ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಚಿಕ್ಕವರಿದ್ದಾಗ ಅವರಿಗೆ ಪಾಠ ಹೇಳಲು ಸ್ಟುವರ್ಟ್ ಫ್ರೇಜರ್ ಎಂಬ ಇಂಗ್ಲಿಷ್ ಅಧಿಕಾರಿಯನ್ನು ನೇಮಿಸಿದ್ದರು. ರಾಜಕುಮಾರ ಒಬ್ಬರೇ ಕೂತು ಕಲಿಯಬಾರದೆಂದು ಜೊತೆಗೆ ಕೆಲವು ಹುಡುಗರನ್ನು ಆರಿಸಿದರು. ಅವರಲ್ಲಿ ಮಿರ್ಜಾ ಒಬ್ಬರು. ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ, 1905ರಲ್ಲಿ ಪೊಲೀಸ್ ಇಲಾಖೆಯಲ್ಲಿ ಕೆಲಸ, ಮೂರು ವರ್ಷದ ಮೇಲೆ ಅರಮನೆಯ ಕಚೇರಿ, 1922ರಲ್ಲಿ ಮಹಾರಾಜರ ಖಾಸಗಿ ಕಾರ್ಯದರ್ಶಿ. 1926ರಲ್ಲಿ ದಿವಾನರಾದಾಗ ಅವರಿಗೆ 42 ವರ್ಷ. ಬೆಂಚಿನ ಗೆಳೆಯನೇ ಮಹಾರಾಜ, ಇನ್ನೊಬ್ಬ ಗೆಳೆಯ ದಿವಾನ.

ಒಂದು ಮಾತು ಇಲ್ಲಿ ಹೇಳಲೇಬೇಕು. ದಿವಾನ, ಹುಜೂರ್, ಅಮಲ್ದಾರ, ಖಜಾನೆ, ಜಿಲ್ಲೆ, ತಾಲ್ಲೂಕು. ಈ ಪದಗಳನ್ನು ಕನ್ನಡ ಮೀಡಿಯಂ ಗೆಳೆಯರು ಕನ್ನಡ ಎಂದುಕೊಂಡಿದ್ದಾರೆ, ನಾನು ನಮ್ಮ ಮನೆಯ ಮಾತು ಎಂದುಕೊಂಡಿದ್ದೆ. ಇಬ್ಬರದೂ ಸರಿ.

ಈಗ ಲೆಕ್ಕಕ್ಕೆ ಬರೋಣ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಮೈಸೂರನ್ನು ಒಡೆಯರ ಮನೆತನಕ್ಕೆ ಒಪ್ಪಿಸಿತು. ಆದರೆ ಪುಕ್ಕಟೆಯಾಗಿ ಅಲ್ಲ. ರಕ್ಷಣೆಗೆ ಕಂಪನಿಯ ಸೈನ್ಯ ಇರುತ್ತದೆ, ಅದಕ್ಕೆ ಮೈಸೂರು ವರ್ಷಕ್ಕೆ 7 ಲಕ್ಷ ವರಹ, ಅಂದರೆ 24.5 ಲಕ್ಷ ರೂಪಾಯಿ ಕೊಡಬೇಕು ಎಂದು ಒಪ್ಪಂದವಾಯಿತು. 1831ರಲ್ಲಿ ಆಡಳಿತ ಸರಿಯಿಲ್ಲ ಎಂಬ ಕಾರಣ ಹೇಳಿ ರಾಜ್ಯವನ್ನೇ ಬ್ರಿಟಿಷರು ತೆಗೆದುಕೊಂಡು 50 ವರ್ಷ ಕಮಿಷನರುಗಳ ಮೂಲಕ ಆಳಿದರು. 1881ರಲ್ಲಿ ವಾಪಸ್ ಕೊಟ್ಟಾಗ ಈ ಹಣವನ್ನು 35 ಲಕ್ಷಕ್ಕೆ ಏರಿಸಿದರು. ಇದಕ್ಕೆ ಸಬ್ಸಿಡಿ ಎಂದು ಹೆಸರು. ನಾವು ಇಂದು ಸಬ್ಸಿಡಿ ಎಂದರೆ ಸರ್ಕಾರ ನಮಗೆ ಕೊಡುವುದು ಎಂದು ತಿಳಿಯುತ್ತೇವೆ. ಆಗ ಅದು ಮೈಸೂರು ಕಟ್ಟುತ್ತಿದ್ದ ಕಪ್ಪ.

ರೈತನ ಕಂದಾಯದಿಂದ ಬಂದ ಹಣದಲ್ಲಿ ಪ್ರತಿ ವರ್ಷ 35 ಲಕ್ಷ ಹೊರಗೆ ಹೋಗುತ್ತಿತ್ತು. ಅದಕ್ಕೆ ಬದಲಾಗಿ ಮೈಸೂರಿಗೆ ದೆಹಲಿಯಲ್ಲಿ ಒಂದು ಕುರ್ಚಿಯೂ ಇರಲಿಲ್ಲ. ಉಪ್ಪಿನ ತೆರಿಗೆ, ಬಂದರಿನ ಸುಂಕ, ರೈಲು, ಅಂಚೆ, ನಾಣ್ಯ ಎಲ್ಲವನ್ನೂ ದೆಹಲಿ ತೀರ್ಮಾನಿಸುತ್ತಿತ್ತು. ಮೈಸೂರಿನ ಜನ ಉಪ್ಪು ತಿಂದರೆ ಆ ತೆರಿಗೆಯೂ ದೆಹಲಿಗೇ. ಮಿರ್ಜಾ ಅವರು ದಿವಾನರಾದ ಮೇಲೆ ಕೈಗೆತ್ತಿಕೊಂಡ ದೊಡ್ಡ ಪ್ರಶ್ನೆಗಳಲ್ಲಿ ಇದೊಂದು. ಮಹಾರಾಜರ ಆಳ್ವಿಕೆಯ ಬೆಳ್ಳಿಹಬ್ಬದ ವರ್ಷವಾದ 1927ರಲ್ಲಿ ವೈಸ್‌ರಾಯ್ ಇರ್ವಿನ್ ಅವರು ಹತ್ತೂವರೆ ಲಕ್ಷ ಬಿಟ್ಟುಕೊಟ್ಟು ಕಪ್ಪವನ್ನು ಹಳೆಯ 24.5 ಲಕ್ಷಕ್ಕೆ ಇಳಿಸಿದರು. ಶೇಕಡಾ 30ರಷ್ಟು ಕಡಿತ. ನಮ್ಮ ಪೇಟೆಯ ರಸ್ತೆಗೆ ಅವರ ಹೆಸರು, ಕನ್ನಂಬಾಡಿಯಿಂದ ಮಂಡ್ಯದ ಕಡೆ ಹರಿಯುವ ನಾಲೆಗೂ ಅವರ ಹೆಸರು. ನಾಲೆಯ ಹೆಸರು ಆಮೇಲೆ ವಿಶ್ವೇಶ್ವರಯ್ಯ ನಾಲೆ ಎಂದು ಬದಲಾಯಿತು, ರಸ್ತೆ ಮಾತ್ರ ಹಾಗೇ ಉಳಿದಿದೆ.

ಆದರೆ ಗಮನಿಸಿ, ಇದು ಕೃಪೆಯಿಂದ ಸಿಕ್ಕ ಕಡಿತ. ವೈಸ್‌ರಾಯ್ ಮನಸ್ಸು ಮಾಡಿದರು, ಸಿಕ್ಕಿತು. ಮನಸ್ಸು ಮಾಡದಿದ್ದರೆ ಕೇಳಲು ಯಾವ ಕೋರ್ಟೂ ಇರಲಿಲ್ಲ. ಬ್ರಿಟಿಷ್ ಪರಮಾಧಿಕಾರ ಎಂದರೆ ಇದೇ. ಅದರ ಗಡಿ ಎಲ್ಲಿ ಎಂದು ಯಾವ ಕಾಗದದಲ್ಲೂ ಪೂರ್ತಿ ಬರೆದಿರಲಿಲ್ಲ. ಬೆಂಗಳೂರಿನಲ್ಲಿ ಕೂತ ರೆಸಿಡೆಂಟರು ಸಲಹೆ ಎಂದು ಕೊಟ್ಟದ್ದು ಸಂಸ್ಥಾನಕ್ಕೆ ಆಜ್ಞೆ. ಬೆಂಗಳೂರಿನ ದಂಡು ಪ್ರದೇಶವಂತೂ ಮೈಸೂರಿನ ನೆಲವಾಗಿದ್ದೂ ಮೈಸೂರಿನ ಆಡಳಿತದಲ್ಲಿ ಇರಲಿಲ್ಲ. ಅದನ್ನು ವಾಪಸ್ ಕೇಳುವುದೂ ಮಿರ್ಜಾ ಅವರ ಪಟ್ಟಿಯಲ್ಲಿತ್ತು.

ಒಕ್ಕೂಟ ವ್ಯವಸ್ಥೆಯಲ್ಲಿ ಇದಕ್ಕೆ ಉತ್ತರವಿದೆ. ಅಧಿಕಾರವನ್ನು ಎರಡು ಸರ್ಕಾರಗಳಿಗೆ ಹಂಚುತ್ತಾರೆ, ಹಂಚಿದ್ದನ್ನು ಬರೆದಿಡುತ್ತಾರೆ, ಜಗಳ ಬಂದರೆ ನ್ಯಾಯಾಲಯ ತೀರ್ಮಾನಿಸುತ್ತದೆ. ಒಬ್ಬರು ಇನ್ನೊಬ್ಬರ ಪಾಲನ್ನು ತಾವೊಬ್ಬರೇ ಬದಲಾಯಿಸುವ ಹಾಗಿಲ್ಲ. ಪಾಲುದಾರಿಕೆ ಪತ್ರ ಇದ್ದ ಹಾಗೆ ಎಂದರೆ ನಮ್ಮ ಕ್ಲಾಸಿನವರಿಗೆ ಬೇಗ ತಿಳಿಯುತ್ತದೆ. ಪತ್ರ ಇಲ್ಲದ ಪಾಲುದಾರಿಕೆಯಲ್ಲಿ ದೊಡ್ಡಣ್ಣ ಹೇಳಿದ್ದೇ ಲೆಕ್ಕ.

1930ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಮೊದಲನೆಯ ದುಂಡು ಮೇಜಿನ ಪರಿಷತ್ತು ಸೇರಿತು. ಸಂಸ್ಥಾನಗಳ ಕಡೆಯಿಂದ 16 ಮಂದಿ ಹೋಗಿದ್ದರು. ಮೈಸೂರಿನ ಕಡೆಯಿಂದ ಹೋದವರು ಮಿರ್ಜಾ ಇಸ್ಮಾಯಿಲ್. ಬಿಕಾನೇರಿನ ಮಹಾರಾಜರು, ಭೋಪಾಲದ ನವಾಬರು, ಹೈದರಾಬಾದಿನಿಂದ ಅಕ್ಬರ್ ಹೈದರಿ, ಬ್ರಿಟಿಷ್ ಇಂಡಿಯಾದ ಕಡೆಯಿಂದ ತೇಜ್ ಬಹಾದೂರ್ ಸಪ್ರು, ಡಾ. ಅಂಬೇಡ್ಕರ್ ಎಲ್ಲರೂ ಒಂದೇ ಸಭೆಯಲ್ಲಿದ್ದರು. ಸಂಸ್ಥಾನಗಳೂ ಬ್ರಿಟಿಷ್ ಪ್ರಾಂತ್ಯಗಳೂ ಸೇರಿ ಒಂದೇ ಒಕ್ಕೂಟವಾಗಲಿ ಎಂದು ಸಪ್ರು ಕೇಳಿದರು. ರಾಜರು ಒಪ್ಪುತ್ತಾರೆ ಎಂದು ಹೆಚ್ಚಿನವರು ಎಣಿಸಿರಲಿಲ್ಲ, ಆದರೆ ಬಿಕಾನೇರ್ ಮಹಾರಾಜರು ಒಪ್ಪಿದರು. ಮಿರ್ಜಾ ಅವರೂ ಒಕ್ಕೂಟದ ಪರವಾಗಿ ನಿಂತರು. 1931ರ ಎರಡನೆಯ ಪರಿಷತ್ತಿಗೆ ಗಾಂಧೀಜಿ ಬಂದರು, ಮಿರ್ಜಾ ಆಗಲೂ ಇದ್ದರು. 1932ರ ಮೂರನೆಯದಕ್ಕೂ ಹೋದರು.

ಅವರ ವಾದ ಭಾವನೆಯದಲ್ಲ, ಲೆಕ್ಕಿಗನದು. ಒಕ್ಕೂಟ ಎಂದ ಮೇಲೆ ಎಲ್ಲ ಸದಸ್ಯರೂ ಸಮ. ಎಲ್ಲರೂ ಸುಂಕ, ಉಪ್ಪಿನ ತೆರಿಗೆಯ ಮೂಲಕ ಕೇಂದ್ರಕ್ಕೆ ಕೊಡುತ್ತಾರೆ. ಹಾಗಿರುವಾಗ ಮೈಸೂರು ಮಾತ್ರ ಅದರ ಮೇಲೆ ಕಪ್ಪವನ್ನೂ ಯಾಕೆ ಕೊಡಬೇಕು? ಒಂದೇ ಸೈನ್ಯಕ್ಕೆ ಎರಡು ಸಲ ಹಣ ಕಟ್ಟಿದ ಹಾಗಲ್ಲವೇ? ಸಂಸ್ಥಾನಗಳ ಹಣಕಾಸಿನ ವಿಷಯ ನೋಡಲು 1932ರಲ್ಲಿ ಡೇವಿಡ್‌ಸನ್ ಸಮಿತಿಯನ್ನು ಬ್ರಿಟಿಷರು ನೇಮಿಸಿದರು. ಕಪ್ಪದ ಪ್ರಶ್ನೆಯನ್ನು ಆ ಸಮಿತಿಯೂ ಪರಿಶೀಲಿಸಿತು.

1935ರಲ್ಲಿ ಭಾರತ ಸರ್ಕಾರದ ಕಾಯ್ದೆ ಬಂತು. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿರುವ ಮೂರು ಪಟ್ಟಿಗಳ ಮಾದರಿ ಅಲ್ಲೇ ಇದೆ. ಕೇಂದ್ರಕ್ಕೆ 59 ವಿಷಯ, ಪ್ರಾಂತ್ಯಗಳಿಗೆ 54, ಇಬ್ಬರಿಗೂ ಸೇರಿದ್ದು 36. ಸಂಸ್ಥಾನಗಳ ರಾಜರು ಒಂದೊಂದು ಸೇರ್ಪಡೆ ಪತ್ರಕ್ಕೆ ಸಹಿ ಹಾಕಿ, ಯಾವ ವಿಷಯಗಳನ್ನು ಬಿಟ್ಟುಕೊಡುತ್ತೇವೆ ಎಂದು ಅದರಲ್ಲಿ ಬರೆದು ಒಳಗೆ ಬರಬಹುದಿತ್ತು. ಕೆಳಮನೆಯ 375 ಸ್ಥಾನಗಳಲ್ಲಿ 125 ಸಂಸ್ಥಾನಗಳಿಗೆ. ಆದರೆ ಸಂಸ್ಥಾನಗಳ ಒಟ್ಟು ಜನಸಂಖ್ಯೆಯಲ್ಲಿ ಅರ್ಧದಷ್ಟಾದರೂ ಒಳಗೆ ಬಂದರೆ ಮಾತ್ರ ಒಕ್ಕೂಟ ಆರಂಭ ಎಂಬ ಷರತ್ತಿತ್ತು. ರಾಜರು ಚೌಕಾಸಿ ಮಾಡುತ್ತಲೇ ಕೂತರು. 1939ರಲ್ಲಿ ಯುದ್ಧ ಬಂತು, ಒಕ್ಕೂಟದ ಕೆಲಸ ಅಲ್ಲಿಗೇ ನಿಂತಿತು. ಮೂರು ಸಲ ಸಮುದ್ರ ದಾಟಿ ಮಾಡಿದ ವಾದ ಕಾಗದದಲ್ಲೇ ಉಳಿಯಿತು.

ಆ ಕಾಯ್ದೆಯಲ್ಲಿ ಇನ್ನೊಂದು ದೋಷವಿತ್ತು, ನನ್ನ ಪ್ರಕಾರ ಅದೇ ದೊಡ್ಡದು. ಆ 125 ಮಂದಿಯನ್ನು ಸಂಸ್ಥಾನದ ಜನ ಆರಿಸುವ ಹಾಗಿರಲಿಲ್ಲ. ರಾಜರೇ ನೇಮಿಸಬೇಕಿತ್ತು. ಕಾಂಗ್ರೆಸ್ ಇದನ್ನು ವಿರೋಧಿಸಿತು. ಇಲ್ಲಿಂದ ಮಿರ್ಜಾ ಸಾಹೇಬರ ಕಥೆಯ ಇನ್ನೊಂದು ಮುಖ ಶುರುವಾಗುತ್ತದೆ.

ದೆಹಲಿಯ ಅಧಿಕಾರಕ್ಕೆ ಬರೆದ ಮಿತಿ ಇರಲಿ ಎಂದು ಕೇಳಿದ ದಿವಾನರು, ಮೈಸೂರಿನೊಳಗೆ ತಮ್ಮ ಅಧಿಕಾರಕ್ಕೆ ಎಷ್ಟು ಮಿತಿ ಒಪ್ಪಿದರು? ಮೈಸೂರಿಗೆ ಈ ವಿಷಯದಲ್ಲಿ ಒಳ್ಳೆಯ ಹೆಸರಿತ್ತು. ದೊಡ್ಡ ಗಡಿಯಾರದ ಹತ್ತಿರದ ಪುರಭವನಕ್ಕೆ ಯಾರ ಹೆಸರಿದೆಯೋ ಆ ರಂಗಾಚಾರ್ಲು ಅವರು ದಿವಾನರಾಗಿದ್ದಾಗ, 1881ರಲ್ಲೇ, ಪ್ರಜಾಪ್ರತಿನಿಧಿ ಸಭೆ ಶುರುವಾಗಿತ್ತು. ಮೊದಲ ಸಭೆಗೆ 144 ಮಂದಿ. ದಸರಾ ಸಮಯದಲ್ಲಿ ಊರೂರಿನವರು ಬಂದು ಕೆರೆ, ರಸ್ತೆ, ಕಂದಾಯದ ಅಹವಾಲು ಹೇಳುತ್ತಿದ್ದರು. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಬ್ರಜೇಂದ್ರನಾಥ ಸೀಲ್ ಅವರ ಸಮಿತಿಯ ವರದಿಯ ಮೇಲೆ 1923ರಲ್ಲಿ ಎರಡೂ ಸಭೆಗಳಿಗೆ ಕಾನೂನಿನ ಆಧಾರ ಸಿಕ್ಕಿತು.

ಆದರೂ ದಿವಾನರನ್ನು ನೇಮಿಸುವವರು ಮಹಾರಾಜರು, ತೆಗೆಯುವವರೂ ಮಹಾರಾಜರು. ಸಭೆ ಎಷ್ಟೇ ಸಿಟ್ಟಾದರೂ ದಿವಾನರನ್ನು ಇಳಿಸುವ ಹಾಗಿಲ್ಲ. ಅದಕ್ಕಿಂತ ವಿಚಿತ್ರ, ಎರಡೂ ಸಭೆಗಳ ಅಧ್ಯಕ್ಷರು ದಿವಾನರೇ. ಗಲ್ಲಿ ಕ್ರಿಕೆಟ್‌ನಲ್ಲಿ ಬ್ಯಾಟ್ ತಂದ ಹುಡುಗನೇ ಬ್ಯಾಟ್ಸ್‌ಮನ್, ಅವನೇ ಅಂಪೈರ್ ಆದ ಹಾಗೆ. ಔಟ್ ಕೊಡುವುದು ಯಾರು? ಪಾಠದಲ್ಲಿ ಬರುವ ಜವಾಬ್ದಾರಿ ಸರ್ಕಾರ ಎಂಬ ಮಾತಿನ ಅರ್ಥ ಇಷ್ಟೇ. ಆಳುವವರು ಚುನಾಯಿತ ಸಭೆಯ ನಂಬಿಕೆ ಇರುವವರೆಗೆ ಮಾತ್ರ ಕುರ್ಚಿಯಲ್ಲಿರಬೇಕು. ಕಾನೂನಿನ ಪ್ರಕಾರ ಆಳುವುದು ಬೇರೆ, ಜನರಿಗೆ ಉತ್ತರ ಹೇಳುತ್ತಾ ಆಳುವುದು ಬೇರೆ. ಮಿರ್ಜಾ ಅವರ ಮೈಸೂರು ಮೊದಲನೆಯದರಲ್ಲಿ ಬಹಳ ಮುಂದಿತ್ತು, ಎರಡನೆಯದಕ್ಕೆ ಬಾಗಿಲು ತೆರೆಯಲಿಲ್ಲ. 1928ರಲ್ಲಿ ಬೆಂಗಳೂರಿನ ಸುಲ್ತಾನ್‌ಪೇಟೆಯ ಗಲಭೆಯಾದಾಗಲೂ ಜನರ ಕೋಪ ಕೊನೆಗೆ ಆಡಳಿತದ ರೀತಿಯ ಮೇಲೇ ತಿರುಗಿತು.

ಆ ಬಾಗಿಲನ್ನು ಬಡಿದವರು ಹಳ್ಳಿಯವರು, ಬಾವುಟ ಹಿಡಿದುಕೊಂಡು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ನಡೆಯಿತು. ಟಿ. ಸಿದ್ದಲಿಂಗಯ್ಯ ಅಧ್ಯಕ್ಷರು. ತ್ರಿವರ್ಣ ಧ್ವಜ ಹಾರಿಸಬಾರದು ಎಂದು ಸರ್ಕಾರದ ಆಜ್ಞೆ ಇತ್ತು. ಹಾರಿಸಿದರು, ಜೈಲಿಗೆ ಹೋದರು. ಅದೇ ತಿಂಗಳ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಜಾತ್ರೆಗೆ ಸೇರಿದ್ದ ಜನರ ನಡುವೆ ಧ್ವಜದ ಸಭೆ ನಡೆಯುವಾಗ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು ಎಂಬುದರಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಕೊನೆಗೂ ತಾಳೆಯಾಗಲಿಲ್ಲ. ದಿವಾನರು ಮಿರ್ಜಾ ಇಸ್ಮಾಯಿಲ್. ಅವರು ಅಲ್ಲಿರಲಿಲ್ಲ, ಗುಂಡು ಹಾರಿಸಲು ಅವರೇ ಹೇಳಿದರೆಂದು ನಾನು ಬರೆಯುತ್ತಿಲ್ಲ. ಆದರೆ ಸರ್ಕಾರ ಅವರದು. ಹೊಣೆ ಎಂದರೆ ಏನು ಎಂದು ಈ ಪಾಠದಲ್ಲಿ ನಾವು ಕಲಿಯುತ್ತಿರುವಾಗ, ನಮಗೆ ಇಷ್ಟದವರು ಎಂದು ಇದನ್ನು ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ. ನನ್ನ ದಾದಿಗೆ ಈ ಭಾಗ ಹಿಡಿಸಲಿಲ್ಲ. ಬಾಗ್ ಬಗ್ಗೆ ಇನ್ನೂ ಎರಡು ಸಾಲು ಬರೆ ಎಂದರು.

ಮುಂದೆ ನಡೆದದ್ದು ಅವರ ಬದುಕಿನಲ್ಲೇ ನನಗೆ ಮುಖ್ಯವಾಗಿ ಕಂಡದ್ದು. ಮೇ ತಿಂಗಳಲ್ಲಿ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬೆಂಗಳೂರಿಗೆ ಬಂದರು. ದಿವಾನರು ಅವರೊಂದಿಗೆ ಕೂತು ಮಾತಾಡಿದರು, ಒಪ್ಪಂದವಾಯಿತು. ಮಿರ್ಜಾ–ಪಟೇಲ್ ಒಪ್ಪಂದ ಎಂದು ಅದರ ಹೆಸರು. ಮೈಸೂರು ಕಾಂಗ್ರೆಸ್ಸನ್ನು ಸರ್ಕಾರ ಮಾನ್ಯ ಮಾಡಿತು. ರಾಜಕೀಯ ಸುಧಾರಣೆಗೆ ಕೆ.ಆರ್. ಶ್ರೀನಿವಾಸ ಅಯ್ಯಂಗಾರ್ ಅವರ ಅಧ್ಯಕ್ಷತೆಯ ಸಮಿತಿಯಲ್ಲಿ ಕಾಂಗ್ರೆಸ್ಸಿನವರಿಗೂ ಜಾಗ ಸಿಕ್ಕಿತು. ಗಂಡಭೇರುಂಡದ ಮೈಸೂರು ಧ್ವಜದ ಪಕ್ಕದಲ್ಲಿ ತ್ರಿವರ್ಣ ಧ್ವಜವನ್ನೂ ಹಾರಿಸಬಹುದು ಎಂದಾಯಿತು.

ಎರಡು ಬಾವುಟ, ಒಂದೇ ಮೈದಾನ. ಲಂಡನ್ನಿನ ಸಭೆಗಳಲ್ಲಿ ವರ್ಷಗಟ್ಟಲೆ ಪಟ್ಟಿ ಮಾಡಿ ಹಂಚಿದ್ದನ್ನು ಇಲ್ಲಿ ಎರಡು ಕಂಬಗಳು ತೋರಿಸಿದವು. ಮನುಷ್ಯ ಮೈಸೂರಿನವನೂ ಆಗಿರಬಹುದು, ಭಾರತದವನೂ ಆಗಿರಬಹುದು, ಒಂದಕ್ಕಾಗಿ ಇನ್ನೊಂದನ್ನು ಇಳಿಸಬೇಕಾಗಿಲ್ಲ. ಮನೆಯಲ್ಲಿ ಉರ್ದು, ಕ್ಲಾಸಿನಲ್ಲಿ ಕನ್ನಡ ಮಾತಾಡುವ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಕಂಬ ನೆಟ್ಟಷ್ಟು ಬೇಗ ಕುರ್ಚಿ ಬದಲಾಗಲಿಲ್ಲ. 1940ರಲ್ಲಿ ಮೈಸೂರು ಸರ್ಕಾರದ ಹೊಸ ಕಾಯ್ದೆ ಬಂದು ಚುನಾಯಿತರ ಸಂಖ್ಯೆ ಹೆಚ್ಚಿತು. ದಿವಾನರು ಮಾತ್ರ ಮಹಾರಾಜರಿಗೇ ಹೊಣೆಯಾಗಿ ಉಳಿದರು. ಅದೇ ವರ್ಷ ಆಗಸ್ಟ್ 3ರಂದು ನಾಲ್ವಡಿಯವರು ತೀರಿಕೊಂಡರು. ಬಾಲ್ಯದ ಗೆಳೆಯ ಹೋದ ಮೇಲೆ ಮಿರ್ಜಾ ಅವರು ಹೆಚ್ಚು ಕಾಲ ಉಳಿಯಲಿಲ್ಲ. ಹೊಸ ಮಹಾರಾಜ ಜಯಚಾಮರಾಜ ಒಡೆಯರ್ ಅವರೊಂದಿಗೆ ಅಭಿಪ್ರಾಯಭೇದ ಬಂದು 1941ರಲ್ಲಿ ರಾಜೀನಾಮೆ ಕೊಟ್ಟರು. ಹದಿನೈದು ವರ್ಷದ ದಿವಾನಗಿರಿ ಮುಗಿಯಿತು. ಮುಂದೆ ಜೈಪುರಕ್ಕೆ ಹೋದರು. ಅಲ್ಲಿಯ ದೊಡ್ಡ ಪೇಟೆ ಬೀದಿಗೂ ಅವರ ಹೆಸರೇ, ಜನ ಎಂ.ಐ. ರೋಡ್ ಎನ್ನುತ್ತಾರೆ.

1946ರಲ್ಲಿ ಹೈದರಾಬಾದಿನ ನಿಜಾಮರು ಅವರನ್ನು ಕರೆಸಿಕೊಂಡರು. ಇಲ್ಲಿ ಅವರ ಹಳೆಯ ವಿಚಾರಕ್ಕೆ ಅತಿ ಕಠಿಣ ಪರೀಕ್ಷೆ ಬಂತು. ಬ್ರಿಟಿಷರು ಹೊರಟರೆ ಪರಮಾಧಿಕಾರವೂ ಹೋಗುತ್ತದೆ, ಆಗ ಹೈದರಾಬಾದ್ ಸ್ವತಂತ್ರ ದೇಶ ಎಂದು ನಿಜಾಮರ ಸುತ್ತಲಿನವರು ಲೆಕ್ಕ ಹಾಕಿದ್ದರು. ಸುತ್ತಲೂ ಭಾರತದ ನೆಲ, ಒಂದು ಬಂದರೂ ಇಲ್ಲ. ಭಾರತದೊಂದಿಗೆ ಒಪ್ಪಂದ ಮಾಡಿಕೊಳ್ಳುವುದೇ ದಾರಿ ಎಂಬುದು ಮಿರ್ಜಾ ಅವರ ನಿಲುವು. ಇತ್ತೆಹಾದಿನವರು ಅವರನ್ನು ವಿರೋಧಿಸಿದರು. ಒಂದು ವರ್ಷವೂ ತುಂಬುವ ಮೊದಲೇ, 1947ರ ಮೇ ತಿಂಗಳಲ್ಲಿ, ಅವರು ಅಲ್ಲಿಂದ ಹೊರಬಂದರು. ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಹೈದರಾಬಾದನ್ನು ಪ್ರವೇಶಿಸಿತು. ಮಾತಿನಲ್ಲಿ ಮುಗಿಯಬಹುದಾಗಿದ್ದು ಹಾಗೆ ಮುಗಿಯಿತು. ಬೆಲೆ ತೆತ್ತವರು ಎಲ್ಲ ಸಮುದಾಯದ ಬಡವರು.

ಮೈಸೂರಿನಲ್ಲಿ ಕೆಲಸ ಸುಲಭವಾಯಿತು, ಆದರೆ ತಾನಾಗಿ ಆಗಲಿಲ್ಲ. 1947ರ ಜುಲೈ 26ರಂದು ಬೆಂಗಳೂರಿನ ದಂಡು ಪ್ರದೇಶ ಮೈಸೂರಿಗೆ ವಾಪಸ್ ಬಂತು. ಆಗಸ್ಟ್‌ನಲ್ಲಿ ಮಹಾರಾಜರು ಸೇರ್ಪಡೆ ಪತ್ರಕ್ಕೆ ಸಹಿ ಹಾಕಿ ರಕ್ಷಣೆ, ವಿದೇಶಾಂಗ, ಸಂಪರ್ಕ ಈ ಮೂರನ್ನು ದೆಹಲಿಗೆ ಬಿಟ್ಟುಕೊಟ್ಟರು. 1935ರ ಕಾಗದದ ವಿಚಾರಕ್ಕೆ ಕೊನೆಗೂ ಜೀವ ಬಂತು ಎನ್ನಬಹುದು. ಆದರೆ ಜವಾಬ್ದಾರಿ ಸರ್ಕಾರಕ್ಕಾಗಿ ಜನ ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ಎಂದು ಹೊರಡಬೇಕಾಯಿತು. ಅದರಲ್ಲಿ ಕಾಲೇಜು ವಿದ್ಯಾರ್ಥಿಗಳೂ ಇದ್ದರು, ನಮ್ಮ ವಯಸ್ಸಿನವರು. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. 1949ರ ನವೆಂಬರ್ 25ರಂದು ಮಹಾರಾಜರು ಭಾರತದ ಸಂವಿಧಾನವೇ ಮೈಸೂರಿನ ಸಂವಿಧಾನ ಎಂದು ಘೋಷಿಸಿದರು.

ಆ ಸಂವಿಧಾನದಲ್ಲಿ ಕಪ್ಪ ಇಲ್ಲ. ಐದು ವರ್ಷಕ್ಕೊಮ್ಮೆ ಹಣಕಾಸು ಆಯೋಗ ಕೂತು ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲು ಎಷ್ಟೆಂದು ಶಿಫಾರಸು ಮಾಡುತ್ತದೆ. ಮಂಡಿ ಮೊಹಲ್ಲಾದ ಯಾವುದಾದರೂ ಅಂಗಡಿಯ ಜಿಎಸ್‌ಟಿ ಬಿಲ್ ತೆಗೆದು ನೋಡಿ. ಸಿಜಿಎಸ್‌ಟಿ ಒಂದು ಸಾಲು, ಎಸ್‌ಜಿಎಸ್‌ಟಿ ಒಂದು ಸಾಲು, ಎರಡೂ ಸಮ. ಈ ಪಾಲು ಸಾಲದು ಎಂದು ಕರ್ನಾಟಕ ಈಗಲೂ ದೆಹಲಿಯೊಂದಿಗೆ ವಾದ ಮಾಡುತ್ತದೆ. ಪತ್ರಿಕೆಯಲ್ಲಿ ಅಂಥ ಸುದ್ದಿ ಓದಿದಾಗೆಲ್ಲ ನನಗೆ ಲಂಡನ್ನಿಗೆ ಲೆಕ್ಕದ ಕಡತ ಹಿಡಿದು ಹೋದ ದಿವಾನರ ನೆನಪಾಗುತ್ತದೆ.

ದೇಶ ವಿಭಜನೆಯಾದಾಗ ಮಿರ್ಜಾ ಅವರು ಇಲ್ಲೇ ಉಳಿದರು. ಸ್ವಾತಂತ್ರ್ಯದ ನಂತರ ಸ್ವಲ್ಪ ಕಾಲ ವಿಶ್ವಸಂಸ್ಥೆಯ ಪರವಾಗಿ ಇಂಡೋನೇಷ್ಯಾದಲ್ಲಿ ಕೆಲಸ ಮಾಡಿದರು. 1954ರಲ್ಲಿ ಮೈ ಪಬ್ಲಿಕ್ ಲೈಫ್ ಎಂಬ ಆತ್ಮಕಥೆ ಪ್ರಕಟಿಸಿದರು. 1956ರ ನವೆಂಬರ್ 1ರಂದು ಕನ್ನಡ ಮಾತಾಡುವ ಪ್ರದೇಶಗಳು ಒಂದಾಗಿ ದೊಡ್ಡ ಮೈಸೂರು ರಾಜ್ಯವಾಯಿತು. ಅವರು ದಿವಾನರಾಗಿದ್ದ ಹೈದರಾಬಾದಿನ ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳೂ ಅವರು ದಿವಾನರಾಗಿದ್ದ ಮೈಸೂರಿಗೆ ಸೇರಿದವು. ಅದನ್ನು ನೋಡಿ ಎರಡು ವರ್ಷದ ಮೇಲೆ, 1959ರ ಜನವರಿ 5ರಂದು, ಬೆಂಗಳೂರಿನಲ್ಲಿ ಅವರು ತೀರಿಕೊಂಡರು.